ತರ್ಕ ಬೇರೆ, ನಿಯಂತ್ರಣ ಬೇರೆ

ಇಪ್ಪತ್ತು ಉತ್ತರಪತ್ರಿಕೆಗಳನ್ನು ನೋಂದಣಿ ಸಂಖ್ಯೆಗೆ ಅನುಸಾರವಾಗಿ ಜೋಡಿಸಬೇಕಾಗಿದೆಯೆಂದು ಭಾವಿಸೋಣ. ಜೋಡಣೆಯಾದ ಕಟ್ಟು ಹೇಗಿರಬೇಕೆಂಬುದನ್ನು ಎರಡು ನಿಯಮಗಳಲ್ಲಿ ಹೇಳಬಹುದು. ಮೊದಲಿದ್ದ ಪತ್ರಿಕೆಗಳೆಲ್ಲವೂ, ಅವು ಮಾತ್ರವೇ, ಅದರಲ್ಲಿರಬೇಕು. ಪ್ರತಿಯೊಂದು ಪತ್ರಿಕೆಯ ಸಂಖ್ಯೆಯೂ ಅದರ ಮುಂದಿನ ಪತ್ರಿಕೆಯ ಸಂಖ್ಯೆಗಿಂತ ಚಿಕ್ಕದಾಗಿರಬೇಕು. ಇದು ಸಮಸ್ಯೆಯ ತರ್ಕ. ಯಾವ ಪತ್ರಿಕೆಯನ್ನು ಮೊದಲು ಎತ್ತಬೇಕು, ಯಾವುದರೊಡನೆ ಹೋಲಿಸಬೇಕು ಎಂಬುದು ನಿಯಂತ್ರಣ.

ಗಣಕಯಂತ್ರಕ್ಕೆ ನಾವು ಬರೆಯುವ ಸಾಮಾನ್ಯ ಪ್ರೋಗ್ರಾಮುಗಳಲ್ಲಿ ಇವೆರಡೂ ಹಾಲುನೀರಿನಂತೆ ಬೆರೆತಿರುತ್ತವೆ. ವೇಗವನ್ನು ಹೆಚ್ಚಿಸಹೊರಟವನು ಅರ್ಥವನ್ನೇ ಕೆಡಿಸಿಬಿಡಬಹುದು. ಆದುದರಿಂದ ಇವನ್ನು ಬೇರ್ಪಡಿಸಬೇಕೆಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಾಬರ್ಟ್ ಕೊವಾಲ್‌ಸ್ಕಿ ಅವರು 1979ರಲ್ಲಿ ಪ್ರತಿಪಾದಿಸಿದರು. ಅವರ ಸಮೀಕರಣ ಸರಳವಾದುದು: ಅಲ್ಗಾರಿದಮ್ = ತರ್ಕ + ನಿಯಂತ್ರಣ. ಉತ್ತರವು ಸರಿಯೇ ಎಂಬುದು ತರ್ಕವನ್ನು ಅವಲಂಬಿಸಿದೆ. ಅದು ಎಷ್ಟು ಬೇಗ ದೊರೆಯುವುದೆಂಬುದು ನಿಯಂತ್ರಣವನ್ನು.

ಹಾಗಾದರೆ ತರ್ಕವನ್ನು ನಾವು ಬರೆದು, ನಿಯಂತ್ರಣವನ್ನು ಯಂತ್ರಕ್ಕೇ ಬಿಡಬಹುದಲ್ಲವೆ ಎಂದು ವಾಚಕರು ಕೇಳಬಹುದು. ಯಂತ್ರವು ಸಾಧ್ಯವಿರುವ ಜೋಡಣೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸತೊಡಗಿದರೆ ಏನಾದೀತು? ಇಪ್ಪತ್ತು ಪತ್ರಿಕೆಗಳನ್ನು ಸುಮಾರು 24,300 ಕೋಟಿ ಕೋಟಿ, ಎಂದರೆ 2.43 × 10¹⁸ ಬಗೆಗಳಲ್ಲಿ ಜೋಡಿಸಬಹುದು. ಸೆಕೆಂಡಿಗೆ ನೂರು ಕೋಟಿಯಂತೆ ನೋಡಿದರೂ ಎಲ್ಲವನ್ನೂ ಮುಗಿಸಲು 77 ವರ್ಷ ಬೇಕು. ಪ್ರತಿಸಾರಿಯೂ ಉಳಿದವುಗಳಲ್ಲಿ ಅತಿ ಚಿಕ್ಕ ಸಂಖ್ಯೆಯದನ್ನು ಆರಿಸುತ್ತ ಹೋದರೆ 190 ಹೋಲಿಕೆಗಳೇ ಸಾಕು. ತರ್ಕವು ಎರಡರಲ್ಲಿಯೂ ಒಂದೇ.

ಒಳ್ಳೆಯ ನಿಯಂತ್ರಣವನ್ನು ಯಂತ್ರವೇ ಆರಿಸಿಕೊಳ್ಳುವ ಕ್ಷೇತ್ರವೂ ಉಂಟು. ಎಡ್ಗರ್ ಕಾಡ್ ಅವರು 1970ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಬೆಳೆದ ಎಸ್‌.ಕ್ಯು.ಎಲ್. ಭಾಷೆಯಲ್ಲಿ ಯಾವ ಮಾಹಿತಿ ಬೇಕೆಂಬುದನ್ನಷ್ಟೇ ತಿಳಿಸುತ್ತೇವೆ. ಯಾವ ಪಟ್ಟಿಯನ್ನು ಮೊದಲು ಹುಡುಕಬೇಕೆಂಬುದನ್ನು ಯಂತ್ರವು ಶ್ರಮದ ಅಂದಾಜು ಮಾಡಿ ನಿರ್ಧರಿಸುತ್ತದೆ.

ಫ್ರಾನ್ಸಿನ ಮಾರ್ಸೇ ನಗರದಲ್ಲಿ 1972ರಲ್ಲಿ ಹುಟ್ಟಿದ ಪ್ರೋಲಾಗ್ ಭಾಷೆಯ ಕಥೆ ತುಸು ಬೇರೆ. ಅದು ನಿಯಮಗಳನ್ನು ಬರೆದ ಕ್ರಮದಲ್ಲಿಯೇ ಪ್ರಯೋಗಿಸುತ್ತದೆ. ‘ಪೂರ್ವಜನ ಪೂರ್ವಜನೂ ಪೂರ್ವಜನೇ’ ಎಂಬ ನಿಯಮವನ್ನು ‘ತಂದೆಯು ಪೂರ್ವಜನು’ ಎಂಬುದಕ್ಕಿಂತ ಮೊದಲಿಟ್ಟರೆ, ಯಂತ್ರವು ಉತ್ತರಕ್ಕೆ ತಲುಪದೆ ಅದೇ ನಿಯಮದಲ್ಲಿ ಸುತ್ತುತ್ತಲೇ ಇರುತ್ತದೆ. ತರ್ಕದಲ್ಲಿ ದೋಷವಿಲ್ಲ; ಆದರೆ ಬೇರ್ಪಡಿಕೆ ಪೂರ್ಣವಾಗಿಲ್ಲ.

ನಿಯಂತ್ರಣದ ಹೊರೆ ಇಳಿದರೂ ತರ್ಕದ ಹೊಣೆ ನಮ್ಮದೇ. ಉತ್ತರಪತ್ರಿಕೆಗಳ ಮೊದಲನೆಯ ನಿಯಮವನ್ನು ಬರೆಯಲು ಮರೆತೆವೆನ್ನಿ: ಆಗ ಒಂದೂ ಪತ್ರಿಕೆಯಿಲ್ಲದ ಬರಿಯ ಕಟ್ಟನ್ನು ಯಂತ್ರವು ಕ್ಷಣಮಾತ್ರದಲ್ಲಿ ನಮ್ಮ ಮುಂದಿಡಬಹುದು, ಅದನ್ನು ತಪ್ಪೆನ್ನಲು ನಮ್ಮ ಬರೆಹದಲ್ಲಿ ಆಧಾರವಿರುವುದಿಲ್ಲ.