ಸೆರೆಮನೆಯ ಗೋಡೆಯೊಳಗೆ ಸಂಸಾರ

ಮೆಲ್ಬರ್ನ್‌ನ ಕೋಬರ್ಗ್‌ನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ನನ್ನ ಸಂಜೆಯ ತಿರುಗಾಟ ಪೆಂಟ್ರಿಜ್ ಜೈಲಿನ ಗೋಡೆಯ ಪಕ್ಕದಲ್ಲೇ. ವಿಜಯಪುರದ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನಿಗೆ ಆ ಕಲ್ಲಿನ ಗುರುತು ಹತ್ತಲು ಹೊತ್ತು ಬೇಕಾಗಲಿಲ್ಲ. ಅಲ್ಲಿನವರು ಬ್ಲೂಸ್ಟೋನ್ ಅನ್ನುತ್ತಾರೆ. ಲಾವಾ ಆರಿ ಗಟ್ಟಿಯಾದ ಬಸಾಲ್ಟ್ ಅದು, ನಮ್ಮ ಗೋಳಗುಮ್ಮಟದ ಕರಿಕಲ್ಲಿನ ಜಾತಿಯದೇ. ಆ ಕಲ್ಲನ್ನು ಒಡೆದು ಗೋಡೆ ಎಬ್ಬಿಸಿದವರು ಕೈದಿಗಳೇ.

1851ರಲ್ಲಿ ಶುರುವಾದ ಜೈಲು 1997ರಲ್ಲಿ ಮುಚ್ಚಿತು. ಸರ್ಕಾರ ಜಾಗವನ್ನು ಖಾಸಗಿಯವರಿಗೆ ಮಾರಿತು. ಈಗ ಗೋಡೆಯೊಳಗೆ ಅಪಾರ್ಟ್‌ಮೆಂಟುಗಳು, ಸಾಲುಮನೆಗಳು, ಸಿನಿಮಾ ಮಂದಿರ ಎಲ್ಲ ಇವೆ. ಬಿ ಡಿವಿಷನ್ನಿನ ಸೆಲ್‌ಗಳು 2023ರಲ್ಲಿ ಹೋಟೆಲಾದವು. ಹೊಸ ಕಟ್ಟಡ ಎಬ್ಬಿಸುವುದು ಸುಲಭ, ಸೆಲ್ಲನ್ನು ವಾಸಕ್ಕೆ ಒಗ್ಗಿಸುವುದು ಕಷ್ಟ. ಗೋಡೆ ದಪ್ಪ, ಕಿಟಕಿ ಚಿಕ್ಕದು, ಅದೂ ಕೈಗೆಟುಕದ ಎತ್ತರದಲ್ಲಿ. ಒಂದು ಸೆಲ್ಲಿನಲ್ಲಿ ಮಂಚ ಹಾಕಿದರೆ ಬಚ್ಚಲಿಗೆ ಜಾಗವಿಲ್ಲ. ಹಾಗಾಗಿ ನಡುಗೋಡೆ ಕೊರೆದು ಕೆಲವು ಸೆಲ್ ಸೇರಿಸಿ ಒಂದು ಕೋಣೆ ಮಾಡಿದ್ದಾರೆ. ಪಾರಂಪರಿಕ ಕಟ್ಟಡವೆಂದು ದಾಖಲಾಗಿರುವುದರಿಂದ ಮನಬಂದಂತೆ ಒಡೆಯುವಂತಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನೆಲದಡಿಯಿಂದ ಹೊರಬಂದ ಒಂದು ಅಂಗಳದ ಅಡಿಪಾಯ. 1850ರ ದಶಕದಲ್ಲಿ ಕೈದಿಗಳನ್ನು ದಿನಕ್ಕೆ 23 ಗಂಟೆ ಒಂಟಿಯಾಗಿ ಕೂಡಿಹಾಕುತ್ತಿದ್ದರು. ಉಳಿದ ಒಂದು ಗಂಟೆ ಗಾಳಿಗೆ ಬಿಡುವುದು, ಅದೂ ಮುಖಕ್ಕೆ ಮುಸುಕು ಹಾಕಿ, ಮಾತಿಲ್ಲದೆ. ಅದಕ್ಕೆಂದೇ ದುಂಡನೆಯ ಅಂಗಳ ಕಟ್ಟಿ, ಕೋಸಂಬರಿಗೆ ಹೆಚ್ಚುವ ಮುನ್ನ ಸೌತೆಬಿಲ್ಲೆಯನ್ನು ಸೀಳಿದಂತೆ ಗೋಡೆಗಳಿಂದ ಪಾಲು ಮಾಡಿದ್ದರು. ನಡುವೆ ಕಾವಲುಗಾರ. ಅವನಿಗೆ ಎಲ್ಲರೂ ಕಾಣಬೇಕು, ಅವರಿಗೆ ಒಬ್ಬರಿಗೊಬ್ಬರು ಕಾಣಬಾರದು. ನಾನೂ ಬದುಕಿಡೀ ನಕ್ಷೆ ಎಳೆದವನು. ಮನುಷ್ಯನ ಒಂಟಿತನವನ್ನು ಇಷ್ಟು ಅಚ್ಚುಕಟ್ಟಾಗಿ ಅಳೆದ ಆ ನಕ್ಷೆಯ ಮುಂದೆ ನನಗೆ ಸಂಕಟವಾಯಿತು.

ಆಸ್ಟ್ರೇಲಿಯಾದಲ್ಲಿ ಕೊನೆಯದಾಗಿ ಗಲ್ಲಿಗೇರಿದ ರೊನಾಲ್ಡ್ ರಯಾನ್‌ನ ಪ್ರಾಣ ಹೋದದ್ದು ಇಲ್ಲೇ, 1967ರ ಫೆಬ್ರವರಿ 3ರಂದು. 1880ರಲ್ಲಿ ಇನ್ನೊಂದು ಜೈಲಿನಲ್ಲಿ ಗಲ್ಲಿಗೇರಿದ ದರೋಡೆಕೋರ ನೆಡ್ ಕೆಲ್ಲಿಯ ಎಲುಬುಗಳನ್ನು 1929ರಲ್ಲಿ ಇಲ್ಲಿಗೆ ತಂದು ಹೂತಿದ್ದರು. 2011ರಲ್ಲಿ ಡಿಎನ್‌ಎ ಪರೀಕ್ಷೆ ಅವು ಅವನವೇ ಎಂದಿತು. ಅವನ ವಂಶದವರು 2013ರಲ್ಲಿ ಗ್ರೆಟಾದಲ್ಲಿ ಮಣ್ಣು ಮಾಡಿದರು.

ಇಂಥ ಕಡೆ ಮನೆ ಮಾಡಬಹುದೇ ಎಂದು ಮಗಳ ಗೆಳತಿಯರು ಕೇಳುತ್ತಾರೆ. ಖಂಡಿತ ಮಾಡಬಹುದು. ಮಕ್ಕಳು ಸೈಕಲ್ ಹೊಡೆಯುವ ಜಾಗ ಮೊದಲು ಏನಾಗಿತ್ತೋ ಅದಕ್ಕಿಂತ ಸಾವಿರ ಪಾಲು ಮೇಲು. ಆದರೆ ನಡೆದದ್ದನ್ನು ಬಣ್ಣ ಬಳಿದು ಮುಚ್ಚಬಾರದು. ನಮ್ಮ ಬೆಂಗಳೂರಿನ ಹಳೆ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲಿದ್ದರೆಂದು ಬಹಳ ಜನ ಹೇಳಬಲ್ಲರು. ‘ಸಂಸ್ಕಾರ’ದ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳಿದ್ದೂ ಅಲ್ಲೇ. ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಅಲ್ಲಿ ವಾಕಿಂಗ್ ಹೋಗುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕೆಂಬುದು ನನ್ನ ಆಸೆ.

ಪೆಂಟ್ರಿಜ್‌ನ ಎಚ್ ಡಿವಿಷನ್ನಿನಲ್ಲಿ 1970ರ ದಶಕದಲ್ಲೂ ಕೈದಿಗಳು ಶಿಕ್ಷೆಯೆಂದು ಕಲ್ಲು ಒಡೆಯುತ್ತಿದ್ದರು. ಅವರು ಕಲ್ಲೊಡೆದ ಅಂಗಳಗಳನ್ನು ಗೈಡ್ ಜೊತೆ ನೋಡಬಹುದು. ಕೋಬರ್ಗ್‌ನಲ್ಲಿ ಮನೆ ಹುಡುಕುತ್ತಿರುವ ನಮ್ಮ ಹುಡುಗರು ಅಪಾರ್ಟ್‌ಮೆಂಟಿನ ನಕ್ಷೆ ನೋಡುವ ದಿನವೇ ಅದನ್ನೂ ನೋಡಿ ಬರಲಿ.