ಔಟಾದ ಮೇಲೆ ಏನು?

ಕಬಡ್ಡಿಯಲ್ಲಿ ಔಟಾದ ಆಟಗಾರ ಅಂಕಣದ ಹೊರಗೆ ಕುಳಿತು, ತನ್ನ ತಂಡ ಎದುರಾಳಿಯೊಬ್ಬನನ್ನು ಔಟ್ ಮಾಡುವುದನ್ನೇ ಕಾಯುತ್ತಾನೆ. ಕ್ರಿಕೆಟ್ಟಿನಲ್ಲಿ ಔಟಾದ ಬ್ಯಾಟ್ಸ್‌ಮನ್‌ಗೆ ಆ ಇನಿಂಗ್ಸ್ ಮುಗಿದಂತೆಯೇ. ಒಂದು ನಿಯಮ ಬದಲಾದರೆ ಆಟದ ಗತಿಯೇ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಕಂಪ್ಯೂಟರ್ ಹಾಗೂ ಮೊಬೈಲ್‌ಗಳಲ್ಲಿ ಹಲವರು ಸೇರಿ ಸ್ಪರ್ಧಿಸುವ ಶೂಟಿಂಗ್ ಆಟಗಳ ಚರಿತ್ರೆಯನ್ನೂ ಇದೇ ಪ್ರಶ್ನೆಯ ಮೂಲಕ ಅರಿಯಬಹುದು: ಔಟಾದ ಮೇಲೆ ಏನು?

1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ‘ಡೂಮ್’ ಆಟವನ್ನು ಹೊರತಂದಿತು. ಒಂದಕ್ಕೊಂದು ಜೋಡಿಸಿದ ಕಂಪ್ಯೂಟರುಗಳಲ್ಲಿ ನಾಲ್ವರವರೆಗೆ ಪರಸ್ಪರ ಸೆಣಸಬಹುದಾಗಿತ್ತು. ‘ಡೆತ್‌ಮ್ಯಾಚ್’ ಎಂಬ ಈ ಬಗೆಯಲ್ಲಿ ಸತ್ತವನು ಒಡನೆಯೇ ಕಣಕ್ಕೆ ಮರಳುತ್ತಿದ್ದ. 1996ರ ‘ಕ್ವೇಕ್’ ಇದನ್ನು ಅಂತರಜಾಲದಲ್ಲಿ ಜನಪ್ರಿಯಗೊಳಿಸಿತು. ಸಾವಿಗೆ ಹೆಚ್ಚು ಬೆಲೆಯಿಲ್ಲದ್ದರಿಂದ ಇಲ್ಲಿ ವೇಗ ಮತ್ತು ಕೈಚಳಕಗಳದೇ ಮೇಲುಗೈ.

1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಯುವಕರು ‘ಹಾಫ್-ಲೈಫ್’ ಎಂಬ ಆಟವನ್ನು ಮಾರ್ಪಡಿಸಿ ‘ಕೌಂಟರ್-ಸ್ಟ್ರೈಕ್’ ರೂಪಿಸಿದರು. ಲೀ ಆಗ ಕೆನಡಾದಲ್ಲಿ ನಿಮ್ಮಂತೆಯೇ ವಿದ್ಯಾರ್ಥಿ. ಇವರ ಆಟದಲ್ಲಿ ಸತ್ತವನು ಆ ಸುತ್ತು ಮುಗಿಯುವವರೆಗೂ ಸುಮ್ಮನೆ ನೋಡುತ್ತಿರಬೇಕು. ಆದ್ದರಿಂದ ಓಡುವ ಮುನ್ನ ಯೋಚಿಸುವುದು, ಜೊತೆಗಾರರೊಡನೆ ಉಪಾಯ ಹೂಡುವುದು ಅನಿವಾರ್ಯವಾಯಿತು. 2000ದಲ್ಲಿ ವಾಲ್ವ್ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಿತು.

ಮೂರನೆಯ ತಿರುವು 2017ರದು. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಕೂಡ ಮೊದಲು ಬೇರೆಯವರ ಆಟವನ್ನು ಮಾರ್ಪಡಿಸುತ್ತಿದ್ದವರೇ. ಅವರು ರೂಪಿಸಿದ ‘ಪಬ್‌ಜಿ’ಯಲ್ಲಿ ನೂರು ಮಂದಿ ಇಳಿಯುತ್ತಾರೆ, ಆರಂಭದಲ್ಲಿ ಸತ್ತವನಿಗೆ ಆ ಪಂದ್ಯವೇ ಮುಗಿಯುತ್ತಿತ್ತು. ಯಾರೂ ಅಡಗಿ ಕುಳಿತೇ ಗೆಲ್ಲದಿರಲೆಂದು ಆಡುವ ವಲಯ ಕಿರಿದಾಗುತ್ತಾ ಬರುತ್ತದೆ. ಭಾರತದಲ್ಲಿ ಇದರ ಮೊಬೈಲ್ ರೂಪವನ್ನು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಲಾಯಿತು. 2021ರಲ್ಲಿ ಅದೇ ಬಗೆಯ ಆಟ ‘ಬಿಜಿಎಂಐ’ ಎಂಬ ಹೆಸರಿನಲ್ಲಿ ಬಂದಿತು.

ಹಳೆಯ ನಿಯಮಗಳು ಅಳಿದುಹೋಗಲಿಲ್ಲ; ಬೆರೆತವು. 2016ರ ‘ಓವರ್‌ವಾಚ್’ನಲ್ಲಿ ಪ್ರತಿ ಪಾತ್ರಕ್ಕೂ ತನ್ನದೇ ವಿಶೇಷ ಶಕ್ತಿಯಿತ್ತು. 2020ರ ‘ವ್ಯಾಲೊರಂಟ್’ ಅಂಥ ಪಾತ್ರಗಳನ್ನು ಕೌಂಟರ್-ಸ್ಟ್ರೈಕ್‌ನ ಸುತ್ತುಗಳೊಡನೆ ಕೂಡಿಸಿತು. ಆದರೆ ನಡೆಯುತ್ತಿರುವ ಅಲೆಯನ್ನು ಹಿಂಬಾಲಿಸಿದ ಮಾತ್ರಕ್ಕೆ ಗೆಲುವು ಸಿಗದು. ಇಂಥದೇ ಪಾತ್ರಗಳನ್ನು ಹೊತ್ತು 2024ರ ಆಗಸ್ಟಿನಲ್ಲಿ ಬಂದ ಸೋನಿಯ ‘ಕಾನ್‌ಕಾರ್ಡ್’ ಎರಡೇ ವಾರಗಳಲ್ಲಿ ಮುಚ್ಚಿಹೋಯಿತು.

ಇದನ್ನೆಲ್ಲ ನೀವೇಕೆ ತಿಳಿಯಬೇಕು? ನೂರು ಜನ ಒಂಟಿಯಾಗಿ ಆಡುವ ಪಂದ್ಯದಲ್ಲಿ ತೊಂಬತ್ತೊಂಬತ್ತು ಮಂದಿ ಸೋಲಲೇಬೇಕು. ಸೋತವರಲ್ಲಿ ಹಲವರಿಗೆ ‘ಇನ್ನೇನು ಗೆದ್ದೇ ಬಿಡುತ್ತಿದ್ದೆ, ಇನ್ನೊಂದೇ ಆಟ’ ಎನಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯನ್ನು ಕಸಿಯುವುದು ಇದೇ ಅನಿಸಿಕೆ. ಅದಕ್ಕೆ ನಿಮ್ಮ ದುರ್ಬಲ ಮನಸ್ಸಷ್ಟೇ ಕಾರಣವಲ್ಲ. ಯಾರೋ ಕುಳಿತು ಯೋಚಿಸಿ ಮಾಡಿದ ನಿಯಮವೂ ಕಾರಣ. ಆಟದ ನಿಯಮ ಅವರದಿರಲಿ. ಎಷ್ಟು ಹೊತ್ತಿಗೆ ಏಳಬೇಕೆಂಬ ನಿಯಮ ಆಟಕ್ಕೆ ಕೂರುವ ಮೊದಲೇ ನೀವು ಮಾಡಿಕೊಂಡದ್ದಾಗಿರಲಿ, ಅಲ್ಲವೇ?