ಹಾರುವ ಹಕ್ಕಿಯೂ ಕ್ಯಾಮೆರಾದ ಕಣ್ಣೂ

ಮಾರ್ಗಶಿರ ಮಾಸದ ಚಳಿಯ ಮುಂಜಾವು. ಮಾಗಡಿ ಕೆರೆಯ ಏರಿಯ ಮೇಲೆ ನಿಂತವರಿಗೆ ಮೊದಲು ಕೇಳಿಸುವುದು ಹಕ್ಕಿಗಳ ಕೂಗು. ಅನಂತರ ಕಾಣಿಸುವುದು ಬಾನಿನಲ್ಲಿ ಓರೆಯಾಗಿ ಎಳೆದ ಗೆರೆಯಂಥ ಒಂದು ಸಾಲು. ಸುತ್ತಲಿನ ಹೊಲಗಳಲ್ಲಿ ಮೇದು ಮರಳುತ್ತಿರುವ ಪಟ್ಟೆತಲೆ ಹೆಬ್ಬಾತುಗಳವು. ತಲೆಯ ಮೇಲೆ ಹಾದು ನೀರಿಗಿಳಿಯಲು ಅವಕ್ಕೆ ಬೇಕಾದುದು ಕೆಲವೇ ಕ್ಷಣಗಳು. ಅಷ್ಟರಲ್ಲಿ ಆತುರದಿಂದ ಚಿತ್ರ ತೆಗೆದು, ಮನೆಗೆ ಬಂದು ನೋಡಿದರೆ ಹಕ್ಕಿ ಮಸುಕು, ಹಿಂದಿನ ಜಾಲಿಯ ಗಿಡ ಮಾತ್ರ ಸ್ಪಷ್ಟ! ಹವ್ಯಾಸಿ ಛಾಯಾಗ್ರಾಹಕರಲ್ಲಿ ಈ ನಿರಾಶೆಯನ್ನು ಉಣ್ಣದವರು ವಿರಳ.

ಗದಗ-ಬೆಟಗೇರಿಯಿಂದ ಸುಮಾರು 26 ಕಿ.ಮೀ., ಶಿರಹಟ್ಟಿಯಿಂದ 8 ಕಿ.ಮೀ. ದೂರದಲ್ಲಿರುವ ಮಾಗಡಿಯ ಈ ಕೆರೆ ಮೂಲತಃ ನೀರಾವರಿಗೆಂದು ಕಟ್ಟಿದ್ದು. ವಿಸ್ತಾರ ಸುಮಾರು 134 ಎಕರೆ. ಮಂಗೋಲಿಯಾ ಮೊದಲಾದ ಮಧ್ಯ ಏಷ್ಯಾದ ನಾಡುಗಳಿಂದ ಹಿಮಾಲಯವನ್ನು ದಾಟಿ ಬರುವ ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. 2024ರಲ್ಲಿ ಈ ಕೆರೆ ರಾಮ್‌ಸಾರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ ಪಡೆಯಿತು. ಲಕ್ಷ್ಮೇಶ್ವರ, ಮುಂಡರಗಿಗಳ ಕಡೆಯಿಂದಲೂ ಕ್ಯಾಮೆರಾ ಹಿಡಿದು ಬರುವವರಿಗೆ, ಚಲಿಸುವುದನ್ನು ಸೆರೆಹಿಡಿಯುವ ವಿದ್ಯೆಯನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ.

ಯಂತ್ರದ ಲೆಕ್ಕಾಚಾರ

ಹಿಂದೆ ಛಾಯಾಗ್ರಾಹಕರು ಮಸೂರದ ಬಳೆಯನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಹೊಂದಿಸುತ್ತಿದ್ದರು. 1977ರಲ್ಲಿ ಜಪಾನಿನ ಕೊನಿಕಾ ಕಂಪನಿಯು ಸಾಮಾನ್ಯ ಜನರು ಕೊಳ್ಳಬಹುದಾದ ಆಟೋಫೋಕಸ್ ಕ್ಯಾಮೆರಾವನ್ನು ಹೊರತಂದಿತು. 1985ರಲ್ಲಿ ಬಂದ ಮಿನೋಲ್ಟಾ 7000 ಈ ಸೌಲಭ್ಯವನ್ನು ಮಸೂರ ಬದಲಿಸಬಹುದಾದ ದೊಡ್ಡ ಕ್ಯಾಮೆರಾಗಳಿಗೂ ಯಶಸ್ವಿಯಾಗಿ ತಂದಿತು.

ಇದರ ಗುಟ್ಟು ಸರಳವಾದುದು. ಮಸೂರದ ಎರಡು ಅಂಚುಗಳಿಂದ ಬಂದ ಬೆಳಕು ಎರಡು ಬಿಂಬಗಳನ್ನು ಮೂಡಿಸುತ್ತದೆ. ಅವುಗಳ ನಡುವಣ ಅಂತರವನ್ನು ಅಳೆದು, ಮಸೂರವನ್ನು ಯಾವ ಕಡೆಗೆ, ಎಷ್ಟು ಸರಿಸಬೇಕೆಂಬುದನ್ನು ಕ್ಯಾಮೆರಾ ಲೆಕ್ಕ ಹಾಕುತ್ತದೆ. ಆದರೆ ಹಕ್ಕಿ ನಿಲ್ಲುವುದಿಲ್ಲವಲ್ಲ! ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಾರುವ ಹಕ್ಕಿ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಲ್ಲಿ ಸುಮಾರು 80 ಸೆಂಟಿಮೀಟರು ಮುಂದೆ ಸಾಗಿರುತ್ತದೆ. ಆದುದರಿಂದ ಕ್ಯಾಮೆರಾ ಒಂದರ ಹಿಂದೊಂದು ಅಳತೆ ಮಾಡಿ, ಶಟರು ತೆರೆಯುವ ಹೊತ್ತಿಗೆ ಹಕ್ಕಿ ಎಲ್ಲಿರಬಹುದೆಂದು ಮೊದಲೇ ಊಹಿಸಬೇಕಾಗುತ್ತದೆ.

ಈ ಊಹೆ ನಡೆಯುವುದು ನಿರಂತರ ಫೋಕಸ್ ವಿಧಾನದಲ್ಲಿ ಮಾತ್ರ. ನಿಕಾನ್ ಕ್ಯಾಮೆರಾಗಳಲ್ಲಿ ಇದಕ್ಕೆ ಎಎಫ್-ಸಿ ಎಂದೂ ಕ್ಯಾನನ್ನಿನಲ್ಲಿ ಸರ್ವೋ ಎಂದೂ ಹೆಸರು. ನಿಶ್ಚಲ ವಸ್ತುವಿಗಾಗಿ ಇರುವ ಒಂದೇ ಸಲದ ಫೋಕಸ್ ವಿಧಾನವನ್ನು ಹಾಗೆಯೇ ಇಟ್ಟುಕೊಂಡು ಹಾರುವ ಹಕ್ಕಿಯ ಬೆನ್ನುಹತ್ತುವುದೇ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಶಟರಿನ ವೇಗ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ನಿಧಾನವಾಗದಿರಲಿ. ಹಕ್ಕಿ ದೂರದಲ್ಲಿರುವಾಗಲೇ ಅದನ್ನು ಚೌಕಟ್ಟಿನೊಳಗೆ ಹಿಡಿದು, ಗುಂಡಿಯನ್ನು ಅರ್ಧ ಒತ್ತಿ, ಅದರೊಡನೆಯೇ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸುತ್ತ ಬರಬೇಕು. ಬಾನು ಬರಿದಾಗಿದ್ದರೆ ಹೆಚ್ಚು ಫೋಕಸ್ ಬಿಂದುಗಳನ್ನು ಬಳಸಬಹುದು. ಹಿಂದೆ ಗಿಡಗಂಟಿಗಳಿದ್ದರೆ ನಡುವಿನ ಕೆಲವನ್ನೇ ಆರಿಸಿಕೊಳ್ಳುವುದು ಲೇಸು. ಇತ್ತೀಚಿನ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಬಲ್ಲವಾದರೂ, ಹಕ್ಕಿಯನ್ನು ಚೌಕಟ್ಟಿನೊಳಗೆ ಇರಿಸುವ ಹೊಣೆ ಕೈಯದೇ.

ಈ ಅಭ್ಯಾಸಕ್ಕೆ ಮನೆಯಂಗಳದಲ್ಲಿ ಓಡುವ ಮಗುವೂ ಸಾಕು, ಜಾತ್ರೆಯಲ್ಲಿ ಜನಸಾಗರದ ನಡುವೆ ಸಾಗಿಬರುವ ತೇರೂ ಸಾಕು.

ಕಾಯುವವನ ಚಿತ್ರ

ಯಂತ್ರಕ್ಕೆ ತಿಳಿಯದ ಒಂದು ಸಂಗತಿಯುಂಟು. ಹೆಬ್ಬಾತುಗಳು ಗಾಳಿಗೆ ಎದುರಾಗಿ ಇಳಿಯುತ್ತವೆ, ಗಾಳಿಗೆ ಎದುರಾಗಿಯೇ ಏಳುತ್ತವೆ. ಗಾಳಿಯೂ ಬೆಳಗಿನ ಬಿಸಿಲೂ ಬೆನ್ನಿಗಿರುವಂತೆ ನಿಂತವನ ಕಡೆಗೇ ಅವು ಮುಖಮಾಡಿ ಇಳಿದುಬರುತ್ತವೆ. ಇದನ್ನರಿತು ಒಂದೆಡೆ ಸುಮ್ಮನೆ ಕುಳಿತವನಿಗೆ ಸಾಧಾರಣ ಕ್ಯಾಮೆರಾವೂ ಒಲಿಯುತ್ತದೆ.

ಅರಿಯದವರು ಮಾಡುವುದೇನು? ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಕ್ಕಿಗಳನ್ನು ಎಬ್ಬಿಸುತ್ತಾರೆ. ಹಾಗೆ ಎದ್ದ ಹಕ್ಕಿ ಬೆನ್ನು ತೋರಿಸಿ ಹಾರುವುದರಿಂದ ಚಿತ್ರವೂ ಕೆಡುತ್ತದೆ. ಅದಕ್ಕಿಂತ ದೊಡ್ಡ ಹಾನಿ ಬೇರೆ. ಹೊಲದಲ್ಲಿ ಮೇದು ಬಂದು ನೀರಿನಲ್ಲಿ ದಣಿವಾರಿಸಿಕೊಳ್ಳುವ ಹಕ್ಕಿಗೆ ಆ ವಿಶ್ರಾಂತಿಯೇ ಮುಂದಿನ ಪಯಣದ ಬುತ್ತಿ. ಬೇಸಿಗೆ ಬರುತ್ತಲೇ ಅದು ಮತ್ತೆ ಹಿಮಾಲಯವನ್ನು ಏರಬೇಕು. ಸುಮ್ಮನೆ ಎಬ್ಬಿಸಿದಾಗಲೆಲ್ಲ ಕರಗುವುದು ಅದು ಕೂಡಿಟ್ಟ ಶಕ್ತಿ.

ಸ್ಪಷ್ಟವಾದ ಚಿತ್ರಕ್ಕೆ ಗೋಡೆಯ ಅಂದವನ್ನು ಮೀರಿದ ಬೆಲೆಯೂ ಇದೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಪಟ್ಟಿಯ ಮೇಲಿನ ಅಕ್ಷರ, ಅಂಕೆಗಳು ಚಿತ್ರದಲ್ಲಿ ಓದಲು ಬಂದರೆ ಆ ಹಕ್ಕಿ ಎಲ್ಲಿಂದ ಹೊರಟಿತೆಂಬುದು ತಿಳಿಯುತ್ತದೆ. ಮಸುಕಾದರೆ ಅದು ಹೆಸರಿಲ್ಲದ ಹಕ್ಕಿಯಾಗಿಯೇ ಉಳಿಯುತ್ತದೆ.

ಈ ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಒಂದು ಬೆಳಗು ಮಾಗಡಿಯ ಏರಿಯ ಮೇಲೆ ಕುಳಿತು ನೋಡಿ. ಕ್ಯಾಮೆರಾ ಇದ್ದರೆ ಸಂತೋಷ, ಇಲ್ಲದಿದ್ದರೂ ಚಿಂತೆಯಿಲ್ಲ. ಹಕ್ಕಿಯನ್ನು ಓಡಿಸದೆ ಅದರ ದಾರಿ ಕಾಯುವುದನ್ನು ಮಗು ಕಲಿತರೆ, ಫೋಕಸ್ಸಿನ ಮೊದಲ ಪಾಠವನ್ನು ಕಲಿತಂತೆಯೇ.